‘ಬಾಂಗ್ಲಾ’ ಎಂಬುದು ಬೈಗುಳವೇ?

ಸಿಂಧನೂರು ತಾಲ್ಲೂಕಿನ ಸಾಲಗುಂದದಲ್ಲಿ ಮದುವೆಯೊಂದಕ್ಕೆ ಹೋಗಿದ್ದಾಗ ಕೇಳಿದ ಮಾತಿದು. ನಿಕಾಹ್ ಮುಗಿದಿತ್ತು, ಊಟಕ್ಕೆ ಇನ್ನೂ ಹೊತ್ತಿತ್ತು. ಚಹಾದಂಗಡಿಯ ಮುಂದಿನ ಬೆಂಚಿನ ಮೇಲೆ ನಾಲ್ಕಾರು ಮಂದಿ ಕುಳಿತಿದ್ದೆವು. ಭತ್ತದ ದರ, ಕಾಲುವೆಯ ನೀರು, 2024ರ ಆಗಸ್ಟ್‌ನಲ್ಲಿ ಕೊಚ್ಚಿಹೋದ ತುಂಗಭದ್ರಾ ಜಲಾಶಯದ ಗೇಟು ಎಂದು ಸುತ್ತಾಡಿದ ಮಾತು ಕೊನೆಗೆ ‘ಬಾಂಗ್ಲಾದೇಶಿಗಳ’ ಬಳಿ ಬಂದು ನಿಂತಿತು. ಪಕ್ಕದಲ್ಲಿದ್ದ ಹಿರಿಯ ರೈತರೊಬ್ಬರು, “ಅಲ್ಲಿ ಉಣ್ಣಾಕ ಕೂಳಿಲ್ಲ, ಅದಕ್ಕ ಇಲ್ಲಿ ಬಂದು ಸೇರ್ಕೊಂಡಾರ” ಎಂದರು. ಆಮೇಲೆ ನನ್ನ ಗಡ್ಡ, ಟೋಪಿಗಳ ಕಡೆ ಕಣ್ಣು ಹಾಯಿಸಿ, “ನಿಮಗ ಅಂದಿದ್ದಲ್ರೀ ಮೌಲಾನಾ, ನೀವು ನಮ್ಮವ್ರು” ಎಂದು ಸಮಾಧಾನವನ್ನೂ ಹೇಳಿದರು.

ಅವರು ಕೆಟ್ಟ ಮನುಷ್ಯರಲ್ಲ. ಆ ಮದುವೆಗೆ ಮುಯ್ಯಿ ತಂದಿದ್ದವರು. ಆದರೂ ಅವರ ಬೈಗುಳಕ್ಕಿಂತ ಅವರ ಸಮಾಧಾನವೇ ಹೆಚ್ಚು ಚುಚ್ಚಿತು. ‘ಬಾಂಗ್ಲಾ’ ಎಂಬ ಶಬ್ದ ಬಾಯಿಂದ ಹೊರಬಿದ್ದೊಡನೆ ಕಣ್ಣು ತಾನಾಗಿ ಟೋಪಿಯ ಕಡೆ ತಿರುಗುವಷ್ಟು ಆಳಕ್ಕೆ ಈ ವಿಷ ಇಳಿದಿದೆ ಎಂದಾಯಿತಲ್ಲ!

ಈ ಬೈಗುಳದಲ್ಲಿ ಎರಡು ಅರ್ಧಗಳಿವೆ. ಬಾಂಗ್ಲಾದೇಶವೆಂದರೆ ಹಸಿವು, ಕೊಳಕು ಮತ್ತು ದಾರಿದ್ರ್ಯ ಎಂಬುದು ಮೊದಲ ಅರ್ಧ. ಇಲ್ಲಿನ ಮುಸ್ಲಿಮನಿಗೂ ಆ ದೇಶಕ್ಕೂ ಏನೋ ಒಳನಂಟಿದೆ ಎಂಬುದು ಎರಡನೆಯ ಅರ್ಧ. ಎರಡನೆಯದಕ್ಕೆ ನಮ್ಮ ಸಮುದಾಯ ಉತ್ತರ ಹೇಳಿ ಹೇಳಿ ದಣಿದಿದೆ. ದಾಖಲೆ ತೋರಿಸಿದ್ದಾಗಿದೆ, ಅಜ್ಜ ಮುತ್ತಜ್ಜಂದಿರ ಗೋರಿಗಳನ್ನು ತೋರಿಸಿದ್ದಾಗಿದೆ. ಆದರೆ ಮೊದಲ ಅರ್ಧವನ್ನು ಮಾತ್ರ ನಾವೂ ಪ್ರಶ್ನಿಸದೆ ಒಪ್ಪಿಕೊಂಡಿದ್ದೇವೆ. “ಛೇ, ನಾವು ಬಾಂಗ್ಲಾದವರಲ್ಲ” ಎಂದು ನಾವು ಹೇಳುವ ಧಾಟಿಯಲ್ಲಿಯೇ ಆ ದೇಶ ಹೇಸಿಗೆಗೆ ಅರ್ಹ ಎಂಬ ಒಪ್ಪಿಗೆಯಿದೆ. ಆದ್ದರಿಂದ ಇಂದು ಎರಡೂ ದೇಶಗಳ ಬದುಕನ್ನು ತಕ್ಕಡಿಯಲ್ಲಿಟ್ಟು ನೋಡೋಣ. ಕುರ್‌ಆನ್ ನಮಗೆ ಕಲಿಸಿದ್ದು ಇದನ್ನೇ: ಒಂದು ಜನಾಂಗದ ಮೇಲಿನ ದ್ವೇಷ ನಮ್ಮನ್ನು ನ್ಯಾಯದಿಂದ ವಿಮುಖಗೊಳಿಸಬಾರದು. ಒಂದು ಜನಾಂಗದ ಮೇಲಿನ ಮೋಹವೂ ಹಾಗೆ ಮಾಡಬಾರದು.

ಸಿಂಧನೂರಿನ ನಿಜವಾದ ನಿರಾಶ್ರಿತರು

ಈ ವಿಷಯದಲ್ಲಿ ಸಿಂಧನೂರಿಗೆ ವಿಶೇಷ ಅಧಿಕಾರವಿದೆ. ಏಕೆಂದರೆ ಪೂರ್ವ ಪಾಕಿಸ್ತಾನದಿಂದ, ಅಂದರೆ ಇಂದಿನ ಬಾಂಗ್ಲಾದೇಶದಿಂದ, ನಿಜವಾಗಿಯೂ ಬಂದವರು ಈ ತಾಲ್ಲೂಕಿನಲ್ಲಿದ್ದಾರೆ. 1970ರ ದಶಕದ ಆರಂಭದಲ್ಲಿ ನೂರಾರು ಬಂಗಾಳಿ ಕುಟುಂಬಗಳಿಗೆ ಕೇಂದ್ರ ಸರಕಾರ ಇಲ್ಲಿ ಜಮೀನು ಕೊಟ್ಟು ನೆಲೆಗೊಳಿಸಿತು. ಇಂದಿಗೂ ಆ ಊರುಗಳಿಗೆ ಆರ್.ಎಚ್. ಕ್ಯಾಂಪ್ ಎಂದೇ ಹೆಸರು. ಒಂದನೇ ಕ್ಯಾಂಪ್, ಎರಡನೇ ಕ್ಯಾಂಪ್ ಎಂದು ಸಂಖ್ಯೆಯಿಂದಲೇ ಅವುಗಳನ್ನು ಗುರುತಿಸುತ್ತಾರೆ. ಅಲ್ಲಿ ಮನೆಯೊಳಗೆ ಬಂಗಾಳಿ, ಸಂತೆಯಲ್ಲಿ ಕನ್ನಡ. ಭತ್ತವೂ ಮೀನೂ ಅವರ ಬದುಕು. ಅವರು ಹಿಂದೂಗಳು, ಬಹುಪಾಲು ನಾಮಶೂದ್ರರು. ಪರಿಶಿಷ್ಟ ಜಾತಿಯ ಪ್ರಮಾಣಪತ್ರಕ್ಕಾಗಿ, ಪೌರತ್ವಕ್ಕಾಗಿ ದಶಕಗಳ ಕಾಲ ಕಚೇರಿಗಳಿಗೆ ಅಲೆದವರು. 2019ರ ಪೌರತ್ವ ತಿದ್ದುಪಡಿ ಕಾಯ್ದೆಯ ನಿಯಮಗಳು 2024ರ ಮಾರ್ಚ್‌ನಲ್ಲಿ ಜಾರಿಗೆ ಬಂದ ಮೇಲೆ, ಅದೇ ವರ್ಷದ ಆಗಸ್ಟ್‌ನಲ್ಲಿ ಈ ಕ್ಯಾಂಪುಗಳ ಐವರಿಗೆ ಪೌರತ್ವ ದೊರೆಯಿತು.

ಅವರ ಬಗ್ಗೆ ನಮಗೆ ಎಳ್ಳಷ್ಟೂ ಅಸೂಯೆಯಿಲ್ಲ. ನೆಲೆ ತಪ್ಪಿದವನಿಗೆ ನೆಲ ಕೊಟ್ಟದ್ದು ಈ ದೇಶದ ದೊಡ್ಡತನ. ನಮ್ಮ ಆಕ್ಷೇಪವಿರುವುದು ನಿರಾಶ್ರಿತನ ಕಣ್ಣೀರಿಗೂ ಧರ್ಮದ ಪ್ರಮಾಣಪತ್ರ ಕೇಳುವ ಕಾನೂನಿನ ಮೇಲೆ. ವಿಪರ್ಯಾಸವನ್ನು ನೋಡಿ: ಗಡಿ ದಾಟಿ ಬಂದವರು ಐವತ್ತು ವರ್ಷಗಳಿಂದ ನೆರೆಯಲ್ಲಿದ್ದಾರೆ. ಅವರನ್ನು ಯಾರೂ ನುಸುಳುಕೋರರೆನ್ನುವುದಿಲ್ಲ, ಎನ್ನಲೂಬಾರದು. ಆದರೆ ಏಳು ತಲೆಮಾರು ಇದೇ ಕಪ್ಪು ಮಣ್ಣಿನಲ್ಲಿ ಹೂತುಹೋಗಿರುವ ಮನೆತನದ ಹುಡುಗ ಬಸ್ ನಿಲ್ದಾಣದಲ್ಲಿ ಟೋಪಿ ಹಾಕಿಕೊಂಡು ನಿಂತರೆ ಅವನು ‘ಬಾಂಗ್ಲಾ’! ಹಾಗಾದರೆ ಈ ಶಬ್ದ ದೇಶದ ಹೆಸರಲ್ಲ. ಅದು ಧರ್ಮಕ್ಕೆ ಇಟ್ಟ ಅಡ್ಡಹೆಸರು.

ನಾಯಕರ ಮಾತು, ಲೆಕ್ಕದ ಮಾತು

ಚಹಾದಂಗಡಿಯ ರೈತ ಈ ಮಾತನ್ನು ತಾನೇ ಹುಟ್ಟಿಸಿದ್ದಲ್ಲ. ಮೇಲಿನಿಂದ ಹರಿದು ಬಂದದ್ದನ್ನು ಅವರು ಕುಡಿದಿದ್ದಾರೆ ಅಷ್ಟೇ. 2018ರಲ್ಲಿ ಅಂದಿನ ಬಿಜೆಪಿ ರಾಷ್ಟ್ರಾಧ್ಯಕ್ಷ ಅಮಿತ್ ಶಾ ಅವರು ಬಾಂಗ್ಲಾ ನುಸುಳುಕೋರರನ್ನು ಗೆದ್ದಲು ಹುಳುಗಳಿಗೆ ಹೋಲಿಸಿದರು. 2020ರ ಫೆಬ್ರವರಿಯಲ್ಲಿ ಅಂದಿನ ಕೇಂದ್ರ ಗೃಹ ಖಾತೆಯ ರಾಜ್ಯ ಸಚಿವ ಜಿ. ಕಿಶನ್ ರೆಡ್ಡಿ ಅವರು, ಭಾರತ ಪೌರತ್ವ ಕೊಡುತ್ತೇನೆಂದರೆ ಅರ್ಧ ಬಾಂಗ್ಲಾದೇಶವೇ ಖಾಲಿಯಾಗುತ್ತದೆ ಎಂದರು. ಅದಾಗಿ ಸುಮಾರು ಎಂಟು ತಿಂಗಳಾಗಿತ್ತು, ಅಷ್ಟೇ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಅಂತಾರಾಷ್ಟ್ರೀಯ ಹಣಕಾಸು ನಿಧಿಯ ಅಂದಾಜು ಹೊರಬಿತ್ತು. 2020ರಲ್ಲಿ ಬಾಂಗ್ಲಾದೇಶದ ತಲಾ ಉತ್ಪನ್ನ 1,888 ಡಾಲರ್, ಭಾರತದ್ದು 1,877 ಡಾಲರ್ ಆಗಲಿದೆ ಎಂದು ಅದು ಹೇಳಿತು. ಅರ್ಧ ಖಾಲಿಯಾಗಬೇಕಿದ್ದ ದೇಶ ಹನ್ನೊಂದು ಡಾಲರ್ ಮುಂದಿತ್ತು!

ಅದು ಕೊರೋನಾ ವರ್ಷದ ಲೆಕ್ಕ, ವಿನಿಮಯ ದರದ ಲೆಕ್ಕ, ಕೊಳ್ಳುವ ಶಕ್ತಿಯಲ್ಲಿ ಭಾರತವೇ ಮುಂದಿದೆ ಎಂದು ಅರ್ಥಶಾಸ್ತ್ರಜ್ಞರು ಹೇಳಿದರು. ಅದು ಸರಿಯೇ. ಆ ಹನ್ನೊಂದು ಡಾಲರನ್ನು ಬದಿಗಿಡೋಣ. ತಲಾ ಆದಾಯವೆಂಬುದೇ ಒಂದು ಮರೀಚಿಕೆ. ನೂರು ಎಕರೆಯ ಜಮೀನ್ದಾರನನ್ನೂ ಅವನ ಹೊಲದಲ್ಲಿ ನಾಟಿ ಹಚ್ಚುವ ಹೆಣ್ಣುಮಗಳನ್ನೂ ಕೂಡಿಸಿ ಎರಡರಿಂದ ಭಾಗಿಸಿದರೆ ಇಬ್ಬರ ಪಾಲಿಗೂ ಐವತ್ತು ಎಕರೆ ಬರುತ್ತದೆ. ಆದರೆ ಅವಳ ಗಡಿಗೆಯಲ್ಲಿ ಗಂಜಿ ಹೆಚ್ಚುವುದಿಲ್ಲ. ಬದುಕಿನ ಮಟ್ಟವನ್ನು ಅಳೆಯಬೇಕಾದರೆ ಬೇರೆ ಪ್ರಶ್ನೆ ಕೇಳಬೇಕು. ಹುಟ್ಟಿದ ಮಗು ಬದುಕುತ್ತದೆಯೇ? ವಯಸ್ಸಿಗೆ ತಕ್ಕಂತೆ ಬೆಳೆಯುತ್ತದೆಯೇ? ಹೆಣ್ಣುಮಗಳು ಶಾಲೆಗೆ ಹೋಗುತ್ತಾಳೆಯೇ? ಬಯಲಿಗೆ ಹೋಗಲು ಅವಳು ಕತ್ತಲಾಗುವುದನ್ನೇ ಕಾಯಬೇಕೇ?

ಅಮರ್ತ್ಯ ಸೇನ್ ಮತ್ತು ಜೀನ್ ಡ್ರೇಜ್ 2013ರಲ್ಲಿ ಪ್ರಕಟಿಸಿದ ಕೃತಿಯಲ್ಲಿ ಈ ಪ್ರಶ್ನೆಗಳನ್ನೇ ಕೇಳಿದರು. 1990ರಲ್ಲಿ ಭಾರತದ ತಲಾ ಆದಾಯ ಬಾಂಗ್ಲಾದೇಶಕ್ಕಿಂತ ಶೇ. 60ರಷ್ಟು ಹೆಚ್ಚಿತ್ತು. 2011ರ ಹೊತ್ತಿಗೆ ಅದು ಸುಮಾರು ಎರಡು ಪಟ್ಟಾಯಿತು. ಎಂದರೆ ಹಣದ ಓಟದಲ್ಲಿ ನಾವು ಅವರನ್ನು ಬಹುದೂರ ಹಿಂದಿಕ್ಕಿದೆವು. ಅದೇ ಅವಧಿಯಲ್ಲಿ ಮಕ್ಕಳಿಗೇನಾಯಿತು? 1990ರಲ್ಲಿ ಹುಟ್ಟಿದ ಪ್ರತಿ ಸಾವಿರ ಶಿಶುಗಳಲ್ಲಿ ಮೊದಲ ವರ್ಷದೊಳಗೆ ಬಾಂಗ್ಲಾದೇಶದಲ್ಲಿ 97, ಭಾರತದಲ್ಲಿ 81 ಸಾಯುತ್ತಿದ್ದವು. 2011ರಲ್ಲಿ ಬಾಂಗ್ಲಾದೇಶದಲ್ಲಿ 37, ಭಾರತದಲ್ಲಿ 47. ಬಡವನ ಮನೆಯ ಮಕ್ಕಳು ಬದುಕುಳಿದರು, ಎರಡು ಪಟ್ಟು ಹಣವಿದ್ದವನ ಮನೆಯಲ್ಲಿ ಹೆಚ್ಚು ಮಕ್ಕಳು ಸತ್ತರು. 2011ರ ನಮ್ಮ ಜನಗಣತಿಯ ಪ್ರಕಾರ ದೇಶದ ಅರ್ಧದಷ್ಟು ಮನೆಗಳವರು ಬಯಲು ಶೌಚಕ್ಕೆ ಹೋಗುತ್ತಿದ್ದರು. ಆಗ ಬಾಂಗ್ಲಾದೇಶದಲ್ಲಿ ಆ ಪ್ರಮಾಣ ಹತ್ತರಲ್ಲಿ ಒಂದಕ್ಕಿಂತಲೂ ಕಡಿಮೆ. ಹಾಗಾದರೆ ಕೊಳಕು ದೇಶ ಯಾವುದಾಗಿತ್ತು?

ಒಂದು ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ

ಇದು ಹೇಗೆ ಸಾಧ್ಯವಾಯಿತು? ಆ ದೇಶಕ್ಕೆ ಕೊಲ್ಲಿ ರಾಷ್ಟ್ರಗಳ ತೈಲವಿರಲಿಲ್ಲ. 1970ರ ನವೆಂಬರ್‌ನ ಚಂಡಮಾರುತದಲ್ಲಿ ಲಕ್ಷಾಂತರ ಜನ ಸತ್ತರು. 1971ರ ಯುದ್ಧದಲ್ಲಿ ದೇಶ ಬೂದಿಯಾಯಿತು. 1974ರಲ್ಲಿ ಬರಗಾಲ ಬಂತು. ಎಲ್ಲಿ ನೋಡಿದರೂ ಕೈಚಾಚುವ ರಾಷ್ಟ್ರವೆಂದು ಜಗತ್ತು ಅದನ್ನು ಕೈಬಿಟ್ಟಿತ್ತು.

1971ರಲ್ಲಿ ಲಕ್ಷಾಂತರ ನಿರಾಶ್ರಿತರು ಗಡಿ ದಾಟಿ ಪಶ್ಚಿಮ ಬಂಗಾಳಕ್ಕೆ ಬಂದಾಗ ಬಂಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿತು. ರಕ್ತನಾಳಕ್ಕೆ ಹಾಕುವ ಸಲೈನ್ ಬಾಟಲಿಗಳು ಮುಗಿದವು. ಆಗ ಕೋಲ್ಕತಾದ ವೈದ್ಯ ಡಾ. ದಿಲೀಪ್ ಮಹಲನಬಿಸ್ ಉಪ್ಪು ಮತ್ತು ಗ್ಲೂಕೋಸ್ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ, ಬಂಧುಗಳ ಕೈಯಲ್ಲಿಯೇ ರೋಗಿಗಳಿಗೆ ಕುಡಿಸಿದರು. ಸುಮಾರು ಶೇ. 30ರಷ್ಟಿದ್ದ ಸಾವಿನ ಪ್ರಮಾಣ ಶೇ. 3ರ ಆಸುಪಾಸಿಗೆ ಇಳಿಯಿತು. ಈ ವಿಧಾನಕ್ಕೆ ತಳಹದಿಯಾದ ಪ್ರಯೋಗಗಳು ನಡೆದದ್ದು 1960ರ ದಶಕದಲ್ಲಿ ಢಾಕಾ ಮತ್ತು ಕೋಲ್ಕತಾದಲ್ಲಿ. ಮಹಲನಬಿಸ್ ಅವರು 2022ರಲ್ಲಿ ನಿಧನರಾದರು. 2023ರಲ್ಲಿ ಅವರಿಗೆ ಮರಣೋತ್ತರವಾಗಿ ಪದ್ಮವಿಭೂಷಣ ಬಂತು.

ಭಾರತದ ವೈದ್ಯನೊಬ್ಬ ಶಿಬಿರದಲ್ಲಿ ಸಾಧಿಸಿ ತೋರಿಸಿದ ಈ ವಿದ್ಯೆಯನ್ನು ಮನೆಮನೆಗೆ ಒಯ್ದದ್ದು ಬಾಂಗ್ಲಾದೇಶ. ಫಝ್ಲೆ ಹಸನ್ ಅಬೆದ್ 1972ರಲ್ಲಿ ಕಟ್ಟಿದ ‘ಬ್ರ್ಯಾಕ್’ ಸಂಸ್ಥೆಯ ಮಹಿಳಾ ಕಾರ್ಯಕರ್ತೆಯರು 1980ರಿಂದ 1990ರವರೆಗೆ ಹಳ್ಳಿಹಳ್ಳಿ ಸುತ್ತಿದರು. ಮೂರು ಬೆರಳಿನ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. ಭೇದಿಯಾದ ಮಗುವಿಗೆ ಇದನ್ನು ಕುಡಿಸುವುದನ್ನು ಸುಮಾರು 1.2 ಕೋಟಿ ಮನೆಗಳ ತಾಯಂದಿರಿಗೆ ಅವರು ಕಲಿಸಿದರು. ಕೆಲವು ದಿನಗಳ ನಂತರ ಮೇಲ್ವಿಚಾರಕರು ಹೋಗಿ ತಾಯಿಯನ್ನು ಪರೀಕ್ಷಿಸುತ್ತಿದ್ದರು. ಅವಳಿಗೆ ಪಾಠ ಎಷ್ಟು ನೆನಪಿದೆಯೋ ಅದಕ್ಕೆ ತಕ್ಕಂತೆ ಕಾರ್ಯಕರ್ತೆಗೆ ಸಂಬಳ. ಪಾಠ ಹೇಳಿದ್ದಕ್ಕಲ್ಲ, ತಾಯಿ ಕಲಿತದ್ದಕ್ಕೆ ಕೂಲಿ! ನಮ್ಮ ಸರಕಾರಿ ಯೋಜನೆಗಳಲ್ಲಿ ಎಷ್ಟಕ್ಕೆ ಇಂಥ ಹೊಣೆಗಾರಿಕೆಯಿದೆ?

ಎರಡನೆಯ ಹೆಜ್ಜೆ ಹೆಣ್ಣುಮಕ್ಕಳ ಶಾಲೆ. 1994ರಿಂದ ಬಾಂಗ್ಲಾದೇಶ ಸರಕಾರ ಗ್ರಾಮೀಣ ಪ್ರದೇಶದ ಪ್ರೌಢಶಾಲಾ ಬಾಲಕಿಯರಿಗೆಲ್ಲ ವಿದ್ಯಾರ್ಥಿವೇತನ ಕೊಡತೊಡಗಿತು. ಮೂರು ಷರತ್ತುಗಳಿದ್ದವು: ಶೇ. 75 ಹಾಜರಿ, ಪರೀಕ್ಷೆಯಲ್ಲಿ ಕನಿಷ್ಠ ಶೇ. 45 ಅಂಕ, ಮತ್ತು ಹತ್ತನೆಯ ತರಗತಿ ಮುಗಿಯುವವರೆಗೆ ಮದುವೆಯಾಗದಿರುವುದು. ತೊಂಬತ್ತು ಪ್ರತಿಶತ ಮುಸ್ಲಿಮರಿರುವ ದೇಶದಲ್ಲಿ ಮಗಳನ್ನು ಶಾಲೆಯಲ್ಲಿಡಲು ಸರಕಾರವೇ ಹಣ ಕೊಟ್ಟಿತು. ಕೆಲವೇ ವರ್ಷಗಳಲ್ಲಿ ಪ್ರೌಢಶಾಲೆಗಳಲ್ಲಿ ಹುಡುಗಿಯರ ಸಂಖ್ಯೆ ಹುಡುಗರಿಗೆ ಸಮವಾಯಿತು. ಆ ಹುಡುಗಿಯರೇ ಮುಂದೆ ಆರೋಗ್ಯ ಕಾರ್ಯಕರ್ತೆಯರಾದರು, ಶಿಕ್ಷಕಿಯರಾದರು, ಸುಮಾರು 40 ಲಕ್ಷ ಕಾರ್ಮಿಕರಿರುವ ಸಿದ್ಧ ಉಡುಪು ಉದ್ಯಮದ ಬೆನ್ನೆಲುಬಾದರು.

ನಾವು ವಕೀಲರಲ್ಲ

ಇಷ್ಟು ಹೇಳಿ ನಿಲ್ಲಿಸಿದರೆ ಅದು ಅರ್ಧಸತ್ಯವಾಗುತ್ತದೆ. ಅರ್ಧಸತ್ಯ ಹೇಳುವುದು ಬೈಯುವವರ ಕಸುಬು, ನಮ್ಮದಲ್ಲ.

ಬಾಂಗ್ಲಾದೇಶದಲ್ಲಿ ಇಂದಿಗೂ ಅರ್ಧದಷ್ಟು ಹೆಣ್ಣುಮಕ್ಕಳಿಗೆ ಹದಿನೆಂಟು ತುಂಬುವ ಮೊದಲೇ ಮದುವೆಯಾಗುತ್ತಿದೆ. ದಕ್ಷಿಣ ಏಶ್ಯಾದಲ್ಲಿಯೇ ಇದು ಅತ್ಯಧಿಕ. ವಿದ್ಯಾರ್ಥಿವೇತನ ಹುಡುಗಿಯನ್ನು ಶಾಲೆಯ ತನಕ ತಂದಿತು, ಮದುವೆಯ ವಯಸ್ಸನ್ನು ಬಯಸಿದಷ್ಟು ಮುಂದೂಡಲಿಲ್ಲ. ನಮ್ಮಲ್ಲಿ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಆ ಪ್ರಮಾಣ ಶೇ. 23. ಈ ವಿಷಯದಲ್ಲಿ ಭಾರತ ಬಹಳ ಮುಂದಿದೆ. ಢಾಕಾ ಬಳಿಯ ಸಾವರ್‌ನಲ್ಲಿ 2013ರ ಏಪ್ರಿಲ್ 24ರಂದು ರಾಣಾ ಪ್ಲಾಝಾ ಕಟ್ಟಡ ಕುಸಿದು ಸಾವಿರದ ನೂರಕ್ಕೂ ಹೆಚ್ಚು ಉಡುಪು ಕಾರ್ಮಿಕರು ಸತ್ತರು. ಅಗ್ಗದ ಅಂಗಿಯ ನಿಜವಾದ ಬೆಲೆ ಅದು. ಮುಹಮ್ಮದ್ ಯೂನುಸ್ ಮತ್ತು ಗ್ರಾಮೀಣ ಬ್ಯಾಂಕಿಗೆ 2006ರ ನೊಬೆಲ್ ಶಾಂತಿ ಪುರಸ್ಕಾರ ತಂದುಕೊಟ್ಟ ಕಿರುಸಾಲದ ಮಾದರಿಯೂ ಬಡ್ಡಿಯ ಕೊಂಡಿಯಿಂದ ಬಿಡಿಸಿಕೊಂಡದ್ದಲ್ಲ. ಬಡ್ಡಿ ಬಡವನನ್ನು ಎಲ್ಲಿಗೆ ಒಯ್ಯುತ್ತದೆಂಬುದಕ್ಕೆ ನಾವು ದೂರ ಹೋಗಬೇಕಿಲ್ಲ. ಮೈಕ್ರೋ ಫೈನಾನ್ಸ್ ವಸೂಲಿಗಾರರ ಕಿರುಕುಳ ತಡೆಯಲು ಕರ್ನಾಟಕ ಸರಕಾರವೇ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ಹೊರಡಿಸಬೇಕಾಯಿತು.

ರಾಜಕೀಯದಲ್ಲಂತೂ ಆ ದೇಶ ಅನುಕರಣೀಯವಲ್ಲ. 2024ರ ಆಗಸ್ಟ್ 5ರಂದು ಶೇಖ್ ಹಸೀನಾ ದೇಶ ಬಿಟ್ಟು ಓಡಿದರು. ಅದಕ್ಕೆ ಮುನ್ನಿನ ಮತ್ತು ನಂತರದ ಕೆಲವು ವಾರಗಳಲ್ಲಿ ಸುಮಾರು 1,400 ಮಂದಿ ಸತ್ತಿರಬಹುದೆಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ ಅಂದಾಜಿಸಿತು. ಆ ಗಲಭೆಯ ದಿನಗಳಲ್ಲಿ ಅಲ್ಲಿನ ಹಿಂದೂಗಳ ಮನೆ, ಅಂಗಡಿ, ದೇವಾಲಯಗಳ ಮೇಲೆ ದಾಳಿಗಳಾದವು. ಇದನ್ನು ನಾವು ಯಾವ ‘ಆದರೆ’ಯನ್ನೂ ಸೇರಿಸದೆ ಖಂಡಿಸಬೇಕು. ಇಲ್ಲಿ ಅಲ್ಪಸಂಖ್ಯಾತರಾಗಿರುವ ನಮಗೆ ಅಲ್ಲಿನ ಅಲ್ಪಸಂಖ್ಯಾತನ ಭಯ ಅರ್ಥವಾಗದಿದ್ದರೆ ಇನ್ನಾರಿಗೆ ಅರ್ಥವಾದೀತು?

ಭಾರತವೂ ನಿಂತಲ್ಲೇ ನಿಂತಿಲ್ಲ. 2023ರಲ್ಲಿ ನಮ್ಮ ಶಿಶುಮರಣ ಪ್ರಮಾಣ ಸಾವಿರಕ್ಕೆ 25ಕ್ಕೆ ಇಳಿದಿದೆ. ಬಯಲು ಶೌಚಕ್ಕೆ ಹೋಗುವ ಮನೆಗಳು 2019-21ರ ಸಮೀಕ್ಷೆಯಲ್ಲಿ ಶೇ. 19ಕ್ಕೆ ಬಂದಿದ್ದವು. ಇದು ಸಂತೋಷದ ಸಂಗತಿ. ಆದರೂ ಒಟ್ಟು ಲೆಕ್ಕವೇನು? ವಿಶ್ವಸಂಸ್ಥೆಯ 2025ರ ಮಾನವ ಅಭಿವೃದ್ಧಿ ವರದಿಯಲ್ಲಿ 193 ದೇಶಗಳ ನಡುವೆ ಭಾರತದ್ದು 130ನೇ ಸ್ಥಾನ. ಬಾಂಗ್ಲಾದೇಶದ್ದೂ 130. ಸೂಚ್ಯಂಕ ಎರಡಕ್ಕೂ 0.685. ನಮ್ಮ ತಲಾ ಆದಾಯ ಹೆಚ್ಚು, ಆದರೆ ಆಯುಸ್ಸು ಅವರದು ಹೆಚ್ಚು: ಭಾರತೀಯನ ಸರಾಸರಿ ಜೀವಿತಾವಧಿ 72.0 ವರ್ಷ, ಬಾಂಗ್ಲಾದೇಶೀಯನದು 74.7 ವರ್ಷ. ವಯಸ್ಸಿಗೆ ತಕ್ಕ ಎತ್ತರವಿಲ್ಲದೆ ಕುಗ್ಗಿದ ಐದು ವರ್ಷದೊಳಗಿನ ಮಕ್ಕಳು ನಮ್ಮಲ್ಲಿ 2019-21ರಲ್ಲಿ ಶೇ. 35.5, ಅವರಲ್ಲಿ 2022ರಲ್ಲಿ ಶೇ. 24. ‘ಉಣ್ಣಾಕ ಕೂಳಿಲ್ಲದ’ ದೇಶದ ಮಕ್ಕಳು ನಮ್ಮ ಮಕ್ಕಳಿಗಿಂತ ಚೆನ್ನಾಗಿ ಬೆಳೆಯುತ್ತಿದ್ದಾರೆ ಎಂಬ ಕಟುಸತ್ಯವನ್ನು ನುಂಗಿಕೊಳ್ಳಲೇಬೇಕು.

ಇದನ್ನು ಓದಿ ‘ಮುಸ್ಲಿಮ್ ದೇಶ ಗೆದ್ದಿತು’ ಎಂದು ಎದೆಯುಬ್ಬಿಸುವವರಿಗೂ ಒಂದು ಮಾತು. ಅದೇ ಪಟ್ಟಿಯಲ್ಲಿ ಪಾಕಿಸ್ತಾನದ ಸ್ಥಾನ 168. ಇಸ್ಲಾಮಿನ ಹೆಸರನ್ನು ಹೆಚ್ಚು ಜೋರಾಗಿ ಕೂಗಿದ ದೇಶವದು. ಇತ್ತ ನಮ್ಮದೇ ಕೇರಳದಲ್ಲಿ 2023ರ ಶಿಶುಮರಣ ಸಾವಿರಕ್ಕೆ ಕೇವಲ 5. ಕೇರಳದಲ್ಲಿ ಹಾರುವುದೂ ಇದೇ ತ್ರಿವರ್ಣ ಧ್ವಜ. ಅಂದಮೇಲೆ ಬದುಕಿನ ಮಟ್ಟ ನಿರ್ಧಾರವಾಗುವುದು ಧ್ವಜದ ಬಣ್ಣದಿಂದಲ್ಲ, ಧರ್ಮದ ಹೆಸರಿನಿಂದಲೂ ಅಲ್ಲ. ಬಡವನ ಮನೆಯ ತಾಯಿ, ಮಗು ಮತ್ತು ಮಗಳಿಗಾಗಿ ಆಳುವವರು, ಸಮಾಜ ಮತ್ತು ಕುಟುಂಬ ಏನು ಮಾಡಿದರು ಎಂಬುದರಿಂದ.

ಚಿನ್ನ ನಮ್ಮದು, ಬಡತನವೂ ನಮ್ಮದು

ಈಗ ತಕ್ಕಡಿಯನ್ನು ಮನೆಯಂಗಳಕ್ಕೆ ತರೋಣ. ರಾಯಚೂರು ಜಿಲ್ಲೆಗೆ ಏನು ಕಡಿಮೆಯಿದೆ? ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ದೇಶಕ್ಕೆ ಚಿನ್ನ ಕೊಡುವ ಗಣಿಯಿದೆ. ಶಕ್ತಿನಗರದ ಸ್ಥಾವರ ದಶಕಗಳಿಂದ ರಾಜ್ಯಕ್ಕೆ ಬೆಳಕು ಕೊಟ್ಟಿದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಸಿಂಧನೂರಿನ ಗದ್ದೆಗಳ ಅಕ್ಕಿ ಬೆಂಗಳೂರಿನ ತಟ್ಟೆಗೆ ಹೋಗುತ್ತದೆ. ಚಿನ್ನ, ಬೆಳಕು, ಅನ್ನ ಮೂರನ್ನೂ ಕೊಟ್ಟ ಜಿಲ್ಲೆಗೆ ಸಿಕ್ಕಿದ್ದೇನು? 2011ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ಮಹಿಳಾ ಸಾಕ್ಷರತೆ ಶೇ. 48.73. ಅಂದರೆ ಇಬ್ಬರು ಹೆಣ್ಣುಮಕ್ಕಳಲ್ಲಿ ಒಬ್ಬಳಿಗೆ ತನ್ನ ಹೆಸರು ಬರೆಯಲು ಬಾರದು. ಆಗ ಇಡೀ ರಾಜ್ಯದ ಮಹಿಳಾ ಸಾಕ್ಷರತೆ ಶೇ. 68ರಷ್ಟಿತ್ತು. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ಸಿಂಧನೂರು, ಲಿಂಗಸುಗೂರು ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವುಗಳ ಸಾಲಿಗೆ ಸೇರಿಸಿತು. ಆಮೇಲೆ 371(ಜೆ) ವಿಶೇಷ ಸ್ಥಾನಮಾನ ಬಂತು, ‘ಮಹತ್ವಾಕಾಂಕ್ಷೆಯ ಜಿಲ್ಲೆ’ಯೆಂಬ ಬಿರುದು ಬಂತು, ಹೈದರಾಬಾದ್ ಕರ್ನಾಟಕ ಕಲ್ಯಾಣ ಕರ್ನಾಟಕವಾಯಿತು. ಹೆಸರು ಬದಲಾಯಿಸುವುದು ಸುಲಭ, ಹಣೆಬರಹ ಬದಲಾಯಿಸುವುದಕ್ಕೆ ಶಾಲೆ ಬೇಕು.

“ಕೂಳಿಲ್ಲದೆ ಇಲ್ಲಿಗೆ ಬರುತ್ತಾರೆ” ಎಂಬ ಮಾತಿಗೆ ಮತ್ತೆ ಮರಳೋಣ. ಕೂಳು ಹುಡುಕಿಕೊಂಡು ಊರು ಬಿಡುವವರು ಯಾರು? ಕಾಲುವೆಯ ನೀರು ತಲುಪದ ಹಳ್ಳಿಗಳಿಂದ ಗಂಟುಮೂಟೆ ಕಟ್ಟಿ, ಮಕ್ಕಳ ಶಾಲೆ ಬಿಡಿಸಿ ಬೆಂಗಳೂರಿಗೆ ಗುಳೆ ಹೋಗುವವರು ನಮ್ಮವರೇ ಅಲ್ಲವೇ? 2020ರ ಜನವರಿಯಲ್ಲಿ ಬೆಂಗಳೂರಿನ ಕರಿಯಮ್ಮನ ಅಗ್ರಹಾರದಲ್ಲಿ ‘ಬಾಂಗ್ಲಾದೇಶಿಗಳಿದ್ದಾರೆ’ ಎಂಬ ಆರೋಪದ ಮೇಲೆ ಜೋಪಡಿಗಳನ್ನು ನೆಲಸಮ ಮಾಡಲಾಯಿತು. ತಗಡು ಎದ್ದುಹೋದ ಮೇಲೆ ಗೊತ್ತಾದದ್ದೇನು? ಅಲ್ಲಿದ್ದವರು ಅಸ್ಸಾಮ್, ತ್ರಿಪುರದ ಭಾರತೀಯರು, ಮತ್ತು ಉತ್ತರ ಕರ್ನಾಟಕದಿಂದ ಗುಳೆ ಹೋದ ಕನ್ನಡಿಗರು. ಪೊಲೀಸರ ನಡೆಯನ್ನು ರಾಜ್ಯ ಹೈಕೋರ್ಟ್ ಪ್ರಶ್ನಿಸಿತು. ಟೋಪಿಯ ಮೇಲೆ ಬೀಳಲೆಂದು ಎಸೆದ ಶಬ್ದ ನಮ್ಮ ಸೀಮೆಯ ಬಡವನ ಜೋಪಡಿಯ ಮೇಲೆ ಬಿತ್ತು. ಬೈಗುಳಕ್ಕೆ ಕಣ್ಣಿರುವುದಿಲ್ಲ. ಬಡವನನ್ನು ‘ಪರದೇಶಿ’ ಎಂದು ಕರೆಯುವ ಅಧಿಕಾರವನ್ನು ಒಮ್ಮೆ ಕೊಟ್ಟರೆ ಅದು ಯಾವ ಬಡವನನ್ನೂ ಬಿಡುವುದಿಲ್ಲ. ಸಾಲಗುಂದದ ಆ ಹಿರಿಯರು ಯೋಚಿಸಬೇಕಾದದ್ದು ಇದನ್ನು.

ನಮ್ಮ ಅಂಗಳದ ಕಸ

ಅವರು ಯೋಚಿಸಬೇಕಾದದ್ದು ಇದಾದರೆ, ನಾವು ಯೋಚಿಸಬೇಕಾದದ್ದು ಇನ್ನೂ ಹೆಚ್ಚಿದೆ.

2022ರಲ್ಲಿ ಕರ್ನಾಟಕದ ಸರಕಾರಿ ಆದೇಶವೊಂದು ತಲೆಯ ಮೇಲಿನ ಅರ್ಧ ಗಜ ಬಟ್ಟೆಯ ನೆಪದಲ್ಲಿ ನಮ್ಮ ಹೆಣ್ಣುಮಕ್ಕಳನ್ನು ಕಾಲೇಜಿನ ಗೇಟಿನಲ್ಲಿ ನಿಲ್ಲಿಸಿತು. ಆ ವರ್ಷದ ಮಾರ್ಚ್‌ನಲ್ಲಿ ಹೈಕೋರ್ಟ್ ಆದೇಶವನ್ನು ಎತ್ತಿಹಿಡಿಯಿತು. ಅಕ್ಟೋಬರ್‌ನಲ್ಲಿ ಸುಪ್ರೀಮ್ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ನೆರೆಯ ಬಡ ದೇಶ ಹುಡುಗಿಯನ್ನು ಶಾಲೆಯೊಳಗೆ ಕರೆಯಲು ಹಣ ಕೊಟ್ಟಿತು. ಶ್ರೀಮಂತವಾಗುತ್ತಿರುವ ನಮ್ಮ ರಾಜ್ಯ ಶಾಲೆಗೆ ಬಂದ ಹುಡುಗಿಯನ್ನು ಹೊರಗೆ ನಿಲ್ಲಿಸಲು ಪೊಲೀಸರನ್ನು ಕಳಿಸಿತು. ಇದು ಅನ್ಯಾಯ, ಇದನ್ನು ಅನ್ಯಾಯವೆಂದೇ ಹೇಳುತ್ತೇವೆ.

ಆದರೆ ಆತ್ಮಸಾಕ್ಷಿಯ ಮೇಲೆ ಕೈಯಿಟ್ಟು ಹೇಳೋಣ: 2022ಕ್ಕಿಂತ ಮುಂಚೆ ಎಷ್ಟು ಹುಡುಗಿಯರನ್ನು ನಾವೇ ಮನೆಯ ಬಾಗಿಲಲ್ಲಿ ನಿಲ್ಲಿಸಿದ್ದೆವು? ಏಳನೆಯ ತರಗತಿ ಮುಗಿದೊಡನೆ “ಇನ್ನೇಕೆ ಓದು?” ಎಂದವರು ಯಾರು? ಹೈಸ್ಕೂಲು ದೂರವೆಂದು, ಓದಿದವಳಿಗೆ ವರ ಸಿಗುವುದಿಲ್ಲವೆಂದು ಹೇಳಿದವರು ಯಾವ ಪಕ್ಷದ ಸರಕಾರ? ನಮ್ಮ ಸೀಮೆಯಲ್ಲಿ ‘ಜೋಡೇ ಕಿ ರಕಮ್’ ಎಂಬ ಸುಂದರ ಹೆಸರಿಟ್ಟುಕೊಂಡು ವರದಕ್ಷಿಣೆ ರಾಜಾರೋಷವಾಗಿ ನಡೆದಿದೆ. ಅದಕ್ಕಾಗಿ ತಂದೆ ಮಾಡುವ ಸಾಲ, ಆ ಸಾಲದ ಬಡ್ಡಿ, ಆ ಬಡ್ಡಿ ತೀರಿಸಲು ಶಾಲೆ ಬಿಡುವ ತಮ್ಮ. ಈ ಸರಪಳಿಯನ್ನು ಯಾವ ವೈರಿಯೂ ಬೆಸೆದದ್ದಲ್ಲ. ವಲೀಮಾದ ಬಿರಿಯಾನಿಯ ಡೇಗುಗಳ ಸಂಖ್ಯೆಯಿಂದ ಮನೆತನದ ಘನತೆ ಅಳೆಯುವ ನಾವು, ಅದೇ ಹಣದಲ್ಲಿ ಒಬ್ಬ ಹುಡುಗಿ ಪಿಯುಸಿ ಮುಗಿಸುತ್ತಿದ್ದಳೆಂದು ಲೆಕ್ಕ ಹಾಕಿದ್ದೇವೆಯೇ? 2006ರ ಸಾಚಾರ್ ಸಮಿತಿಯ ವರದಿಯನ್ನು ಭಾಷಣಗಳಲ್ಲಿ ಸಾವಿರ ಬಾರಿ ಉಲ್ಲೇಖಿಸಿದ್ದೇವೆ. ಸರಕಾರದ ಪಾಲನ್ನು ಕೇಳಿದ್ದೇವೆ, ಕೇಳಲೇಬೇಕು. ನಮ್ಮ ಪಾಲನ್ನು ಕೊಟ್ಟಿದ್ದೇವೆಯೇ?

ಮದ್ರಸದ ಚಾಪೆಯ ಮೇಲೆ ಕುಳಿತು ಓದಿದವನಾಗಿ ಇದನ್ನು ಹೇಳುತ್ತಿದ್ದೇನೆ, ಹೊರಗಿನವನಾಗಿ ಅಲ್ಲ. ಪ್ರವಾದಿ ಮುಹಮ್ಮದ್(ಸ)ರಿಗೆ ಅವತೀರ್ಣವಾದ ಮೊದಲ ಆಜ್ಞೆಯೇ ಓದುವುದು. ಅದರಲ್ಲಿ ಗಂಡು ಮಾತ್ರ ಓದಲಿ ಎಂಬ ಷರತ್ತಿಲ್ಲ. ಹಝ್ರತ್ ಆಯಿಶಾ(ರ)ರಿಂದ ಹದೀಸ್ ಕಲಿತ ವಿದ್ವಾಂಸರ ಪರಂಪರೆ ನಮ್ಮದು. ಆ ಪರಂಪರೆಯನ್ನು ಮಿಂಬರಿನ ಮೇಲೆ ಹೊಗಳಿ, ಮನೆಗೆ ಬಂದು ಮಗಳ ಪಾಟೀಚೀಲ ಕಿತ್ತಿಡುವುದು ಇಸ್ಲಾಮ್ ಅಲ್ಲ, ಸೋಮಾರಿತನ.

ಮಾಡಬೇಕಾದ ಕೆಲಸ ದೊಡ್ಡದೇನಲ್ಲ. ಬ್ರ್ಯಾಕ್‌ನ ಹೆಣ್ಣುಮಕ್ಕಳ ಬಳಿ ಇದ್ದದ್ದು ಉಪ್ಪು, ಬೆಲ್ಲ ಮತ್ತು ನಡೆಯುವ ಕಾಲು. ಪ್ರತಿ ಮಸೀದಿಯ ಜಮಾಅತ್ ತನ್ನ ಮೊಹಲ್ಲಾದಲ್ಲಿ ಶಾಲೆ ಬಿಟ್ಟ ಹುಡುಗಿಯರ ಹೆಸರಿನ ಪಟ್ಟಿಯೊಂದನ್ನು ಮಾಡಲಿ. ಝಕಾತ್‌ಗೆ ಅರ್ಹವಾದ ಬಡ ಕುಟುಂಬಗಳಿಗೆ ಝಕಾತ್ ಕೊಡುವಾಗ ಮಗಳ ಶಾಲೆಯ ಬಗ್ಗೆಯೂ ವಿಚಾರಿಸಲಿ. ಸಿಂಧನೂರು, ಮಸ್ಕಿ, ಲಿಂಗಸುಗೂರುಗಳಂಥ ಪಟ್ಟಣಗಳಲ್ಲಿ ಹಳ್ಳಿಯ ಹುಡುಗಿಯರಿಗೆ ಸುರಕ್ಷಿತವಾದ ಒಂದೊಂದು ವಸತಿನಿಲಯ ಕಟ್ಟಲಿ. ಹದಿನೆಂಟಕ್ಕೆ ಮುಂಚಿನ ನಿಕಾಹ್‌ಗೂ, ಜೋಡೇ ಕಿ ರಕಮ್ ಕೈ ಬದಲಾದ ನಿಕಾಹ್‌ಗೂ ಬರುವುದಿಲ್ಲವೆಂದು ಖಾಝಿಗಳು ಒಟ್ಟಾಗಿ ಹೇಳಲಿ. ಅಂಗನವಾಡಿಯಲ್ಲಿ ಮೊಟ್ಟೆ ಬರದಿದ್ದರೆ, ಆಸ್ಪತ್ರೆಯಲ್ಲಿ ವೈದ್ಯರಿಲ್ಲದಿದ್ದರೆ, ಆ ರೈತರನ್ನೂ ಕ್ಯಾಂಪಿನ ಬಂಗಾಳಿ ತಾಯಂದಿರನ್ನೂ ಜೊತೆಗೆ ಕರೆದುಕೊಂಡು ತಹಶೀಲ್ದಾರ ಕಚೇರಿಯ ಮುಂದೆ ನಿಲ್ಲೋಣ. ಮಗುವಿನ ಹಸಿವಿಗೆ ಜಾತಿ, ಮತ, ಗಡಿಗಳಿಲ್ಲ.

ಖಲೀಫಾ ಉಮರ್(ರ)ರ ಬಗ್ಗೆ ಒಂದು ವರದಿಯಿದೆ. ದೂರದ ಫುರಾತ್ ನದಿಯ ದಂಡೆಯಲ್ಲಿ ಒಂದು ಪ್ರಾಣಿ ಸತ್ತರೂ ಅದಕ್ಕಾಗಿ ಅಲ್ಲಾಹನ ಮುಂದೆ ತಾನು ಉತ್ತರಿಸಬೇಕಾದೀತೆಂದು ಅವರು ಅಂಜುತ್ತಿದ್ದರಂತೆ. ಒಂದು ನಾಡಿನ ಬದುಕಿನ ಮಟ್ಟಕ್ಕೆ ಇದಕ್ಕಿಂತ ದೊಡ್ಡ ಅಳತೆಗೋಲಿಲ್ಲ. ತುಂಗಭದ್ರೆಯ ಎಡದಂಡೆಯಲ್ಲಿ ಕುಗ್ಗಿ ಬೆಳೆಯುತ್ತಿರುವ ಮಗುವಿಗಾಗಿ, ಶಾಲೆ ಬಿಟ್ಟ ಹುಡುಗಿಗಾಗಿ ಯಾರು ಅಂಜುತ್ತಿದ್ದಾರೆ?

ಸಾಲಗುಂದದ ಆ ಹಿರಿಯರಿಗೆ ಅಂದು ನಾನು ಏನೂ ಹೇಳಲಿಲ್ಲ. ಊಟಕ್ಕೆ ಕರೆ ಬಂದಿತ್ತು, ಒಂದೇ ಸಾಲಿನಲ್ಲಿ ಕುಳಿತು ಉಂಡೆವು. ಈಗ ಹೇಳುತ್ತಿದ್ದೇನೆ: ಯಜಮಾನರೇ, ನೆರೆಯವನ ಗಡಿಗೆಯಲ್ಲಿ ಕೂಳಿದೆಯೋ ಇಲ್ಲವೋ ಎಂದು ಇಣುಕುವುದನ್ನು ಬಿಟ್ಟು ನಮ್ಮ ಗಡಿಗೆಯ ಮುಚ್ಚಳ ತೆಗೆಯೋಣ ಬನ್ನಿ. ಒಳಗಿರುವುದು ನಿಮಗೂ ನನಗೂ ಸಾಲದು.